ತಳದ ಫೋಟೋ ಇಲ್ಲದ ಪೆಟ್ಟಿಗೆ

ಝಹ್ಲೆ ಎಂಬ ಕಣಿವೆಯ ಊರಿನಲ್ಲಿ ಕನ್ನಡಕ ಬೇಕಾದವರೂ ವದೀಹನ ಅಂಗಡಿಗೇ ಬರುತ್ತಿದ್ದರು, ಸಿಗಾರ್ ಬೇಕಾದವರೂ ಅಲ್ಲಿಗೇ ಬರುತ್ತಿದ್ದರು. ಕನ್ನಡಕವನ್ನು ಅವನು ಮಾರುತ್ತಿದ್ದ. ಸಿಗಾರಿನ ವಿಷಯದಲ್ಲಿ ಬರೀ ಬುದ್ಧಿ ಹೇಳುತ್ತಿದ್ದ, ಅದೂ ಪುಕ್ಕಟೆ. ಕಣ್ಣು ತೋರಿಸಲೆಂದು ಬಂದು ಕುರ್ಚಿಯಲ್ಲಿ ಕೂತವರು ಗೋಡೆಯ ಮೇಲಿನ ಅಕ್ಷರ ಓದುವುದು ಬಿಟ್ಟು, ಫೋನನ್ನು ಅವನ ಮೂಗಿನ ಹತ್ತಿರ ಹಿಡಿದು, "ಖವಾಜಾ, ಈ ಸಿಗಾರ್ ಪೆಟ್ಟಿಗೆಗೆ ಹರಾಜಿನಲ್ಲಿ ಎಷ್ಟರ ತನಕ ಹೋಗಬಹುದು?" ಎಂದು ಕೇಳುತ್ತಿದ್ದರು. (ಖವಾಜಾ ಅಂದರೆ ನಮ್ಮಲ್ಲಿ ಯಜಮಾನರು.) ವದೀಹ್ ತನ್ನ ಕನ್ನಡಕ ಹಣೆಗೇರಿಸಿ, ಗಡಿಯಾರದವರು ಬಳಸುವ ಭೂತಕನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಬಹಳ ಹೊತ್ತು ನೋಡಿ, "ಬೇಡ" ಎನ್ನುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅವನು ಹೇಳುತ್ತಿದ್ದುದು ಅಷ್ಟೇ. ಅವನ ಹೆಸರು ಬೆಳೆದದ್ದು ಆ ಒಂದು ಮಾತಿನ ಮೇಲೆ.

ಆನ್‌ಲೈನ್ ಹರಾಜಿನಲ್ಲಿ ಮೊದಲ ದಿನವೇ ಸವಾಲು ಕೂಗುವವನು ಶುದ್ಧ ದಡ್ಡ ಎಂದು ಅವನ ಅಭಿಪ್ರಾಯ. ಎಷ್ಟು ಕೊಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಹೆಂಡತಿಗೆ ಹೇಳಬೇಕು, ಅವಳ ಮುಖ ನೋಡಿ ಅದರಲ್ಲಿ ಮೂರನೆಯ ಒಂದು ಪಾಲು ಇಳಿಸಬೇಕು. (ವದೀಹನಿಗೆ ಹೆಂಡತಿ ಇರಲಿಲ್ಲ. ಇದನ್ನು ಅವನು ಊರವರ ಸಂಸಾರ ನೋಡಿ ಕಲಿತದ್ದು.) ಮಾರುವವನು ಬಾಯ್ತುಂಬ ಹೊಗಳುತ್ತಿದ್ದರೆ ಅಲ್ಲಿಂದ ಓಡಬೇಕು, ಗೊಣಗುತ್ತಿದ್ದರೆ ಹತ್ತಿರ ಹೋಗಬೇಕು. ಸಂಜೆ ಆರಕ್ಕೆ ಮುಗಿಯುವ ಹರಾಜಿಗೆ ಕೈ ಹಾಕಲೇಬಾರದು, ಯಾಕೆಂದರೆ ಆ ಹೊತ್ತಿಗೆ ಸರ್ಕಾರದ ಕರೆಂಟು ಹೋಗುತ್ತದೆ, ಓಣಿಯ ಜನರೇಟರಿನವನು ಚಪ್ಪಲಿ ಹುಡುಕಿ ಎದ್ದು ಬರುವಷ್ಟರಲ್ಲಿ ವೈಫೈ ಪ್ರಾಣ ಬಿಟ್ಟಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ತಳ. ಪೆಟ್ಟಿಗೆ ಯಾವ ಕಾರ್ಖಾನೆಯದು, ಯಾವ ತಿಂಗಳಿನದು ಎಂದು ಹೇಳುವ ಮುದ್ರೆ ಇರುವುದು ತಳದಲ್ಲಿ. ಮುಚ್ಚಳ ನೋಡಿ ಕೊಳ್ಳುವವನಿಗೂ ಹಲ್ಲು ನೋಡಿ ಹೆಣ್ಣು ಒಪ್ಪುವವನಿಗೂ ವ್ಯತ್ಯಾಸವಿಲ್ಲ ಎನ್ನುತ್ತಿದ್ದ ವದೀಹ್. ಹಲ್ಲನ್ನೂ ನೋಡದೆ ಒಪ್ಪಿ ಸುಖವಾಗಿದ್ದವರು ಅವನ ಗಿರಾಕಿಗಳಲ್ಲೇ ಇದ್ದರು, ಆದರೆ ಅವರು ಬಾಯಿ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಬುದ್ಧಿ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಒಂಬತ್ತು ವರ್ಷಗಳ ಹಿಂದೆ ಅವನು ಮೊಟ್ಟಮೊದಲ ಸಲ ಹರಾಜಿನಲ್ಲಿ ಒಂದು ಹವಾನಾ ಸಿಗಾರ್ ಪೆಟ್ಟಿಗೆ ಕೊಂಡಿದ್ದ. ಗೆಳೆಯ ತನ್ನೂಸನಿಗೆ ಅರವತ್ತು ತುಂಬಿತ್ತು. ತನ್ನೂಸ್ ಅವನಿಗಿಂತ ನಾಲ್ಕು ವರ್ಷ ದೊಡ್ಡವನು, ಒಂದೇ ಓಣಿಯಲ್ಲಿ ಬೆಳೆದವರು, ವದೀಹ್ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದ. ತನ್ನೂಸ್ ಆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುತ್ತಿಟ್ಟು, ಹಜಾರದ ಬೀರುವಿನ ಮೇಲೆ ಮಾರ್ ಎಲಿಯಾಸ್ ಸಂತನ ಪಟದ ಪಕ್ಕದಲ್ಲಿ ಇಟ್ಟ. ಆರು ತಿಂಗಳ ನಂತರ, ಆ ಹೊತ್ತಿಗೆ ವಿಷಯ ತಕ್ಕಮಟ್ಟಿಗೆ ಕಲಿತಿದ್ದ ವದೀಹ್, ತನ್ನೂಸ್ ಒಳಗೆ ಹೋದಾಗ ಸುಮ್ಮನೆ ಪೆಟ್ಟಿಗೆಯನ್ನು ತಿರುಗಿಸಿ ತಳ ನೋಡಿದ. ತಳದ ಮುದ್ರೆಯಲ್ಲಿ ಒಂದು ವರ್ಷವಿತ್ತು, ಬದಿಗೆ ಅಂಟಿಸಿದ್ದ ಹಸಿರು ಖಾತರಿ ಚೀಟಿಯ ಮಾದರಿ ಅಚ್ಚಾಗಲು ಶುರುವಾದದ್ದು ಆ ವರ್ಷ ಕಳೆದು ಎಷ್ಟೋ ಕಾಲದ ಮೇಲೆ. ಪೆಟ್ಟಿಗೆ ನಕಲಿ. ಒಳಗಿರುವುದು ಏನೋ, ಬಾಳೆಲೆಯೋ, ಗೋಣಿಯೋ, ದೇವರೇ ಬಲ್ಲ.

ಅವನು ಹೇಳಲಿಲ್ಲ. ಹೇಳಬೇಕೆಂದುಕೊಂಡ, ಆದರೆ ತನ್ನೂಸ್ ಬಂದವರಿಗೆಲ್ಲ ಆ ಪೆಟ್ಟಿಗೆ ತೋರಿಸಿ, "ವದೀಹ್ ಕೊಟ್ಟಿದ್ದು" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಆ ಮನೆಯಲ್ಲಿ ಅತಿಥಿಗಳು ಯಾವುದನ್ನು ಚೆನ್ನಾಗಿದೆ ಅಂದರೂ "ತಗೊಳ್ಳಿ, ನಿಮ್ಮದೇ" ಅನ್ನುವುದು ವಾಡಿಕೆ, ಅತಿಥಿಗಳು ಬೇಡ ಅನ್ನುವುದೂ ವಾಡಿಕೆ. ಈ ಪೆಟ್ಟಿಗೆಯನ್ನು ಮಾತ್ರ ತನ್ನೂಸ್ ಯಾರಿಗೂ ಬಾಯಿಮಾತಿಗೂ "ನಿಮ್ಮದೇ" ಅಂದವನಲ್ಲ. ಈಸ್ಟರ್ ಬಂದರೆ, ಮಗಳ ಮದುವೆಯಾದರೆ, ದ್ರಾಕ್ಷಿ ಚೆನ್ನಾಗಿ ಬಂದರೆ, "ಏನೋ, ಇವತ್ತು ತೆಗೆಯೋಣ್ವಾ?" ಎಂದು ಕೇಳುತ್ತಿದ್ದ. ವದೀಹ್ ಗಂಭೀರವಾಗಿ ತಲೆಯಾಡಿಸಿ, "ಇನ್ನೂ ಎಳೇದು ಅಣ್ಣಾ, ಮಾಗಲಿ" ಎನ್ನುತ್ತಿದ್ದ. ಒಂಬತ್ತು ವರ್ಷ ಅದು ಮಾಗುತ್ತಲೇ ಇತ್ತು. ಕೊನೆಗೆ ಆಸ್ಪತ್ರೆಯ ಮಂಚದ ಮೇಲಿಂದಲೂ ತನ್ನೂಸ್ ಅದನ್ನೇ ಕೇಳಿದ. "ವಸಂತ ಬರಲಿ, ಮನೆಗೆ ಬಾ, ತೆಗೆಯೋಣ" ಎಂದ ವದೀಹ್. ವಸಂತ ಬಂತು, ತನ್ನೂಸ್ ಬರಲಿಲ್ಲ. ಈ ಒಂದು ಮಾತು ನೆನಪಾದಾಗಲೆಲ್ಲ ವದೀಹನಿಗೆ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ನಲವತ್ತನೆಯ ದಿನದ ಪೂಜೆ ಮುಗಿದು ವಾರವಾಗಿತ್ತು. ತನ್ನೂಸನ ಹೆಂಡತಿ ಲೋರಿಸ್ ಅಂಗಡಿಗೆ ಫೋನ್ ಮಾಡಿದಳು.

"ವದೀಹ್, ನಿನ್ನ ಪೆಟ್ಟಿಗೆ ಮಾರ್ತಿದೀನಿ ಕಣೋ."

"ಯಾವ ಪೆಟ್ಟಿಗೆ ಅತ್ತಿಗೆ?" ಗೊತ್ತಿದ್ದೂ ಕೇಳಿದ.

"ಇನ್ಯಾವುದು, ಮಾರ್ ಎಲಿಯಾಸ್ ಪಕ್ಕದ್ದು. ನಾನು ತಂಗಿ ಮನೆಗೆ ಹೋಗ್ತಾ ಇದೀನಿ. ಅವಳಿಗೆ ಹೊಗೆಸೊಪ್ಪಿನ ವಾಸನೆ ಬಂದ್ರೆ ತಲೆ ಸಿಡಿಯತ್ತೆ. ಸಂತನ್ನ ಕರ್ಕೊಂಡು ಹೋಗ್ತೀನಿ, ಪೆಟ್ಟಿಗೆ ಬಿಟ್ಟು ಹೋಗ್ತೀನಿ."

"ಹಾಗಾದ್ರೆ ನನಗೇ ಕೊಟ್ಬಿಡಿ. ದುಡ್ಡು ಎಷ್ಟಾದ್ರೂ ಕೊಡ್ತೀನಿ."

"ನಾಚಿಕೆ ಆಗಲ್ವೇನೋ? ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೊಂಡ್ಕೋತಾರಾ? ತನ್ನೂಸ್ ಹೋಗಿ ಎರಡು ತಿಂಗಳಾಗಿಲ್ಲ, ಅವನ ಹೆಂಡ್ತಿ ಉಡುಗೊರೆ ಕೊಟ್ಟೋನ ಹತ್ರಾನೇ ದುಡ್ಡು ಕಿತ್ಕೊಂಡ್ಳು ಅಂತಾರೆ ಊರವರು."

"ಸರಿ, ಸುಮ್ನೆ ಕೊಡಿ."

"ಸುಮ್ನೆ ಕೊಟ್ರೆ ಮುಖಕ್ಕೆ ಎಸೆದ ಹಾಗೆ. ನೀನು ಬೇಜಾರು ಮಾಡ್ಕೋತೀಯ."

"ನಾನು ಮಾಡ್ಕೊಳಲ್ಲ."

"ಮಾಡ್ಕೋಬೇಕು. ಮಾಡ್ಕೊಳ್ಳದಿದ್ರೆ ನಮ್ಮನೆಯವರಿಗೆ ಅವಮಾನ." ಲೋರಿಸ್ ಮಾತನ್ನು ಅಲ್ಲಿಗೆ ಕತ್ತರಿಸಿದಳು. "ನೋಡು, ಆ ದುಡ್ಡಲ್ಲಿ ಚರ್ಚಿನ ಅಂಗಳಕ್ಕೆ ಅವರ ಹೆಸರಲ್ಲಿ ಒಂದು ಕಲ್ಲು ಬೆಂಚು ಹಾಕಿಸ್ತೀನಿ ಅಂತ ಪಾದ್ರಿಗೆ ಹೇಳಿ ಆಗಿದೆ. ಆ ಹರಾಜಿನ ಸೈಟಲ್ಲಿ ಹಾಕು. ನೀನು ಬುದ್ಧಿವಂತ, ನಾಲ್ಕು ಸಾಲು ಚೆನ್ನಾಗಿ ಬರಿ. ಕೆಳಗೆ ನಿನ್ನ ಹೆಸರು ಹಾಕು, ಜನಕ್ಕೆ ನಂಬಿಕೆ ಬರತ್ತೆ."

ಫೋನ್ ಇಟ್ಟ ಮೇಲೆ ವದೀಹ್ ತಲೆಯ ಮೇಲೆ ಕೈ ಹೊತ್ತು ಕೂತ. ಪೆಟ್ಟಿಗೆಯನ್ನು ಯಾರಾದರೂ ತಿಳಿದವನು ಕೊಂಡರೆ ಮೊದಲು ತಿರುಗಿಸಿ ನೋಡುವುದು ತಳವನ್ನೇ, ಹಾಗೆ ನೋಡಬೇಕೆಂದು ಇಡೀ ಕಣಿವೆಗೆ ಹೇಳಿಕೊಟ್ಟವನು ತಾನೇ. ನಾಳೆ ಆ ಬೆಂಚಿನ ಮುಂದೆ ನಿಂತು ಯಾರಾದರೂ, "ಇದು ನಕಲಿ ಮಾಲು ಮಾರಿ ಹಾಕಿಸಿದ ಬೆಂಚು" ಎಂದರೆ? ತನ್ನ ಮಾನ ಹೋದರೆ ಹೋಗಲಿ, ಕನ್ನಡಕದ ವ್ಯಾಪಾರವಾದರೂ ಉಳಿಯುತ್ತದೆ. ಕಲ್ಲಿನ ಮೇಲೆ ಕೆತ್ತಿದ ತನ್ನೂಸನ ಹೆಸರಿಗೆ ಮಸಿ ಹತ್ತಿದರೆ ಅಳಿಸುವವರು ಯಾರು? ಲೋರಿಸ್‌ಗೆ ನಿಜ ಹೇಳಿಬಿಡುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ. ಒಂಬತ್ತು ವರ್ಷ ಬಾರದ ಧೈರ್ಯ ಒಂದು ಮಧ್ಯಾಹ್ನದಲ್ಲಿ ಬರುವುದಿಲ್ಲ. ಪೆಟ್ಟಿಗೆಯನ್ನು ಬೇರೆ ಯಾರ ಕೈಗೂ ಹೋಗದಂತೆ ತಾನೇ, ಕಳ್ಳ ಹೆಸರಿನಲ್ಲಿ, ಕೊಳ್ಳಬೇಕು. ಅದೊಂದೇ ದಾರಿ ಎಂದುಕೊಂಡ.

ಯಾರಿಗೂ ಆಸೆ ಹುಟ್ಟದಂತೆ ಅವನು ವಿವರಣೆ ಬರೆದ. "ಒಂದು ಪೆಟ್ಟಿಗೆ. ಮರದ್ದು. ಒಂಬತ್ತು ವರ್ಷ ಒಳ್ಳೆಯವರ ಮನೆಯಲ್ಲಿತ್ತು. ತೆರೆದಿಲ್ಲ. ಒಳಗಿನದರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ." ಕೆಳಗೆ ಹೆಸರು ಹಾಕಿದ. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಫೋಟೋಗಳನ್ನು ಮುಚ್ಚಳದ ಕಡೆಯಿಂದ ತೆಗೆದ, ಅದೂ ಸ್ವಲ್ಪ ಮಸುಕಾಗಿ. ಹರಾಜು ಸಂಜೆ ಆರಕ್ಕೆ ಮುಗಿಯುವಂತೆ ಇಟ್ಟ. ತನ್ನ ಮಾತು ಕೇಳಿ ಬೆಳೆದವನು ಯಾವನೂ ಇದರ ಹತ್ತಿರ ಸುಳಿಯಲಾರ ಎಂದು ಅವನಿಗೆ ಖಾತ್ರಿಯಿತ್ತು.

ಊರಿನಲ್ಲಿ ಆದದ್ದು ಬೇರೆ. ವದೀಹ್ ಗೊಣಗುತ್ತಿದ್ದಾನೆ! ಹೊಳೆ ಬದಿಯ ಕಾಫಿ ಅಂಗಡಿಯಲ್ಲಿ ಅವತ್ತೆಲ್ಲ ಇದೇ ಮಾತು. "ಏನೂ ಇಲ್ಲ" ಅಂತ ವದೀಹನೇ ಬರೆದಿದ್ದಾನೆ ಅಂದರೆ ಒಳಗೆ ಎಂಥದ್ದು ಇರಬೇಕು! ಬೆಲೆ ಏರದಿರಲಿ ಅಂತ ಬೇಕೆಂದೇ ಆರಕ್ಕೆ ಇಟ್ಟಿದ್ದಾನೆ, ಬೇಕೆಂದೇ ಮಸುಕು ಫೋಟೋ ಹಾಕಿದ್ದಾನೆ, ಒಳಗಿಂದೊಳಗೇ ಹೊಡೆದುಕೊಳ್ಳುವ ಸಂಚು. ಹೀಗೆ ಯೋಚಿಸಿದವರಲ್ಲಿ ಎಲ್ಲರಿಗಿಂತ ಮುಂದಿದ್ದವನು ಔಷಧಿ ಅಂಗಡಿಯ ರೈಮೊಂದ್. ಅವನು ವದೀಹನ ಅಚ್ಚುಮೆಚ್ಚಿನ ಶಿಷ್ಯ. ಮರುದಿನ ಬೆಳಗ್ಗೆ ಅವನು ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ, "ದಯವಿಟ್ಟು ತಳದ ಫೋಟೋ ಹಾಕಿ" ಎಂದು ಬರೆದ. ಪಾಠ ಕಲಿತ ಹುಡುಗನ ಹೆಮ್ಮೆ ಅದರಲ್ಲಿತ್ತು.

ಲೋರಿಸ್‌ಳ ಪರವಾಗಿ ಉತ್ತರ ಬರೆಯಬೇಕಾದವನೂ ವದೀಹನೇ. ಬಹಳ ಯೋಚಿಸಿ, "ತಳ ಚೆನ್ನಾಗಿದೆ" ಎಂದು ಬರೆದ.

ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಮೂರು ಜನ ಸವಾಲು ಕೂಗಿದ್ದರು.

ಕಳ್ಳ ಹೆಸರಿಗೆ ಒಂದು ಫೋನ್ ನಂಬರು ಬೇಕಿತ್ತು. ವದೀಹ್ ಹೋಗಿ ಟ್ಯಾಕ್ಸಿ ಓಡಿಸುವ ಸರ್ಕೀಸನನ್ನು ಹಿಡಿದ. ಸರ್ಕೀಸ್ ಪಕ್ಕದ ಊರಿನವನು, ಲೋರಿಸ್‌ಗೆ ಗುರುತಿಲ್ಲ. ಅವನ ಕನ್ನಡಕಕ್ಕೆ ಎರಡು ವರ್ಷದಿಂದ ವದೀಹ್ ಪುಕ್ಕಟೆ ಸ್ಕ್ರೂ ಹಾಕಿಕೊಡುತ್ತಿದ್ದ.

"ನನ್ನ ಹೆಸರಲ್ಲಿ ನೀವು ಕೊಂಡ್ಕೊಂಡ್ರೆ ನಾನು ಏನು ಮಾಡ್ಬೇಕು?" ಸರ್ಕೀಸ್ ಕೇಳಿದ.

"ಏನೂ ಮಾಡ್ಬೇಡ. ಬಾಯಿ ಮುಚ್ಕೊಂಡಿರು."

"ಅದು ಕಷ್ಟ ಖವಾಜಾ. ಬೇರೆ ಏನಾದ್ರೂ ಹೇಳಿ."

ಕೊನೆಯ ದಿನ ಸಂಜೆ ಇಬ್ಬರೂ ಸರ್ಕೀಸನ ಮುದಿ ಮರ್ಸಿಡಿಸ್ ಕಾರಿನಲ್ಲಿ ಹೊಳೆಯ ಪಕ್ಕ ನಿಲ್ಲಿಸಿಕೊಂಡು ಕೂತರು. ಕರೆಂಟು ಹೋದರೂ ಅಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಬೆಲೆ ಆರುನೂರು ಡಾಲರ್ ದಾಟಿದಾಗ ಬೇರೆಯವರು ಬಿಟ್ಟರು. ಉಳಿದದ್ದು ರೈಮೊಂದ್ ಮತ್ತು ಸರ್ಕೀಸ್, ಅಂದರೆ ಶಿಷ್ಯ ಮತ್ತು ಗುರು. ಗುರು ಐವತ್ತು ಏರಿಸಿದರೆ ಶಿಷ್ಯ ಐವತ್ತು ಏರಿಸುತ್ತಿದ್ದ, ಸ್ವಲ್ಪವೂ ಅವಸರವಿಲ್ಲದೆ, ಹೇಳಿಕೊಟ್ಟ ಹಾಗೆಯೇ. ಇಷ್ಟು ಚೆನ್ನಾಗಿ ಕಲಿಸಬಾರದಿತ್ತು ಎಂದು ವದೀಹನಿಗೆ ಮೊದಲ ಸಲ ಅನ್ನಿಸಿತು. ಸಾವಿರದ ಇನ್ನೂರಕ್ಕೆ ಬಂದಾಗ ಸರ್ಕೀಸ್ ಶಿಲುಬೆಯ ಗುರುತು ಹಾಕಿಕೊಂಡ.

"ಖವಾಜಾ, ಈ ದುಡ್ಡಿಗೆ ನನ್ನ ಕಾರು ಕೊಡ್ತೀನಿ ನಿಮಗೆ."

"ಸುಮ್ನಿರೋ."

"ಕಾರಿನ ತಳಾನೂ ತೋರಿಸ್ತೀನಿ."

ಆಗ ವದೀಹನ ಸ್ವಂತ ಫೋನ್ ಬಡಿದುಕೊಂಡಿತು. ರೈಮೊಂದ್.

"ಖವಾಜಾ, ಯಾವನೋ ಸರ್ಕೀಸ್ ಅನ್ನೋನು ಗಂಟು ಬಿದ್ದಿದಾನೆ. ಬಿಡ್ತಾನೇ ಇಲ್ಲ. ಇನ್ನೂ ಹೋಗ್ಲಾ?"

ಗುರುವಾಗಿ ಹೇಳಬೇಕಾದದ್ದೂ, ಕಳ್ಳನಾಗಿ ಹೇಳಬೇಕಾದದ್ದೂ ಒಂದೇ ಆಗಿರುವ ಅದೃಷ್ಟ ಎಲ್ಲರಿಗೂ ಸಿಗುವುದಿಲ್ಲ. ವದೀಹ್ ಮನಃಪೂರ್ವಕವಾಗಿ, "ಬೇಡ ರೈಮೊಂದ್. ಇಲ್ಲಿಗೇ ನಿಲ್ಲಿಸು. ತಳದ ಫೋಟೋ ಇಲ್ಲ, ನೆನಪಿಟ್ಕೋ" ಎಂದ.

ಆ ಕಡೆ ರೈಮೊಂದ್ ಮೆತ್ತಗೆ ನಕ್ಕ. "ಅಂದ್ರೆ ಒಳ್ಳೆ ಮಾಲು ಅಂತಾಯ್ತು."

"ಅಯ್ಯೋ ಮಾರಾಯಾ, ಹಾಗಲ್ಲ. ನಿಜವಾಗ್ಲೂ ಬೇಡ."

"ತಿಳೀತು, ತಿಳೀತು. ನೀವು ಬಾಯಿಬಿಟ್ಟು ಹೇಳೋ ಹಾಗಿಲ್ಲ. ತನ್ನೂಸ್ ಮನೆ ವಿಷಯ." ಫೋನ್ ಇಟ್ಟ. ಬೆಲೆ ಒಂದೇ ಏಟಿಗೆ ಸಾವಿರದ ಐನೂರಾಯಿತು.

ವದೀಹ್ ಸಾವಿರದ ಆರುನೂರು ಎಂದು ಒತ್ತಿದ. ರೈಮೊಂದ್ ಸಾವಿರದ ಏಳುನೂರು, ವದೀಹ್ ಸಾವಿರದ ಎಂಟುನೂರು. ಐದು ನಿಮಿಷ ಉಳಿದಿತ್ತು. ಫೋನ್ ಮತ್ತೆ ಬಡಿದುಕೊಂಡಿತು.

"ಕೊನೇ ಸಲ ಕೇಳ್ತೀನಿ ಖವಾಜಾ. ಹೆಂಡ್ತಿ ಪಕ್ಕದಲ್ಲೇ ಕೂತಿದಾಳೆ, ಮುಖ ನೋಡೋಕಾಗ್ತಿಲ್ಲ. ಹೋಗ್ಲಾ, ಬಿಡ್ಲಾ?"

ಆಗ ವದೀಹನ ತಲೆಯಲ್ಲಿ ಏನೋ ಮಿಂಚಿತು. ಗಂಟಲು ಸರಿಮಾಡಿಕೊಂಡ.

"ಹೋಗು ರೈಮೊಂದ್! ಎಷ್ಟಾದ್ರೂ ಹೋಗು! ಇಂಥ ಪೆಟ್ಟಿಗೆ ಈ ಜನ್ಮದಲ್ಲಿ ಮತ್ತೆ ಸಿಗಲ್ಲ. ರತ್ನ ಅದು, ರತ್ನ. ಮೂರು ಸಾವಿರ ಆದ್ರೂ ಅಗ್ಗವೇ. ಕಣ್ಣು ಮುಚ್ಕೊಂಡು ಹೋಗು!"

"ನೀವ್ಯಾಕೆ ಇಷ್ಟು ಹೊಗಳ್ತಿದೀರಿ?" ಎಂದ ರೈಮೊಂದ್, ಧ್ವನಿ ಇಳಿಸಿ. ಆಮೇಲೆ "ನಾನು ಬಿಟ್ಟೆ," ಎಂದ.

ಪೆಟ್ಟಿಗೆ ಸಾವಿರದ ಎಂಟುನೂರು ಡಾಲರಿಗೆ ಸರ್ಕೀಸನ ಹೆಸರಿಗೆ ಬಂತು. ಹೆಂಡತಿ ಇಲ್ಲದ ಕಾರಣ ಆ ಮೊತ್ತವನ್ನು ಯಾರ ಮುಖ ನೋಡಿಯೂ ಇಳಿಸುವ ಹಾಗಿರಲಿಲ್ಲ. ತನ್ನೂಸ್ ಬಚಾವಾದ ಎಂದು ವದೀಹ್ ಸೀಟಿಗೆ ಒರಗಿ ಕಣ್ಣು ಮುಚ್ಚಿದ. ಬುದ್ಧಿವಂತಿಕೆ ಅವನಿಗೆ ಕೈಕೊಟ್ಟದ್ದು ಆ ಗಳಿಗೆಯಲ್ಲೇ. ಬ್ಯಾಂಕುಗಳು ಮುಳುಗಿದ ಮೇಲೆ ನಮ್ಮಲ್ಲಿ ಆನ್‌ಲೈನ್ ಹರಾಜಾದರೂ ಅಷ್ಟೇ, ದನದ ಸಂತೆಯಾದರೂ ಅಷ್ಟೇ, ಕೊಂಡವನು ನೋಟು ಹಿಡಿದು ಮನೆಬಾಗಿಲಿಗೆ ಹೋಗಬೇಕು. ಅದನ್ನು ಅವನು ಮರೆತಿದ್ದ.

ಮರುದಿನ ಲೋರಿಸ್ ಫೋನ್ ಮಾಡಿದಳು. "ವದೀಹ್, ಶನಿವಾರ ನಾಲ್ಕಕ್ಕೆ ಬಾ. ಯಾವನೋ ಸರ್ಕೀಸ್ ಅಂತೆ, ದುಡ್ಡು ತರ್ತಾನೆ. ಒಂಟಿ ಹೆಂಗಸು, ಗುರುತಿಲ್ಲದ ಗಂಡಸಿನ ಜೊತೆ ವ್ಯವಹಾರ ಹೇಗೆ ಮಾಡ್ಲಿ? ನೀನು ಪಕ್ಕದಲ್ಲಿರು."

ಹೀಗಾಗಿ ಶನಿವಾರ ನಾಲ್ಕಕ್ಕೆ ವದೀಹ್ ತನ್ನೂಸನ ಹಜಾರದಲ್ಲಿ, ತನ್ನ ದುಡ್ಡು ತರುವ ಮನುಷ್ಯನಿಗಾಗಿ ಕಾಯುತ್ತಾ ಕೂತಿದ್ದ. ಅರ್ಧ ಮನೆ ಖಾಲಿಯಾಗಿತ್ತು. ಗೋಡೆಯ ಮೇಲೆ ಪಟಗಳಿದ್ದ ಕಡೆ ಬಿಳಿ ಚೌಕಗಳು ಉಳಿದಿದ್ದವು. ಬೀರುವಿನ ಮೇಲೆ ಪೆಟ್ಟಿಗೆ ಒಂದೇ ಇತ್ತು, ಒರೆಸಿ ಇಟ್ಟದ್ದು, ದೂಳಿಲ್ಲ.

ಸರ್ಕೀಸ್ ಸೂಟು ಹಾಕಿಕೊಂಡು ಬಂದ. ಅದು ಅವನ ಮದುವೆಯದೇ ಇರಬೇಕು, ಗುಂಡಿ ಕೂಡುತ್ತಿರಲಿಲ್ಲ. ವದೀಹನನ್ನು ನೋಡಿ ಗುರುತಿಲ್ಲದವನಂತೆ ಕೈ ಕುಲುಕಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕುಲುಕಿದ. ಲೋರಿಸ್ ಏಲಕ್ಕಿ ಹಾಕಿದ ಕಾಫಿ ತಂದಳು. ದುಡ್ಡು ಎಣಿಸಿದಳು. ಎಲ್ಲಾ ನೂರು ಡಾಲರಿನ ಹೊಸ ನೀಲಿ ನೋಟುಗಳು, ಒಂದೂ ಹರಿದದ್ದಿಲ್ಲ. ಎಣಿಸಿ ಏಪ್ರನ್ ಜೇಬಿಗೆ ಹಾಕಿಕೊಂಡು ಅವನ ಎದುರಿಗೆ ಕೂತಳು.

"ನೀನು ಯಾವಾಗಿಂದ ಸೇದ್ತಿದೀಯಪ್ಪ?"

"ಚಿಕ್ಕಂದಿನಿಂದ ತಾಯಿ," ಎಂದ ಸರ್ಕೀಸ್. ವದೀಹ್ ಕೆಮ್ಮಿದ. "ಅಂದ್ರೆ ದೊಡ್ಡವನಾದ ಮೇಲಿಂದ."

"ನಮ್ಮನೆಯವರ ವಸ್ತು ಇದು. ಹೀಗೇ ಕಟ್ಟಿ ಕಳಿಸೋಕೆ ನನಗೆ ಮನಸ್ಸು ಬರ್ತಿಲ್ಲ. ಇಲ್ಲೇ ಕೂತು ಒಂದು ಸೇದು. ಅವರ ಆತ್ಮಕ್ಕೆ ಶಾಂತಿ ಸಿಗ್ಲಿ ಅಂತ ಒಂದು ಮಾತು ಹೇಳು. ಆಮೇಲೆ ತಗೊಂಡು ಹೋಗು."

ವದೀಹ್ ಎದ್ದು ನಿಂತ. "ಅತ್ತಿಗೆ, ತೆಗೀಬೇಡಿ. ಗಾಳಿ ಸೋಕಿದ್ರೆ ಬೆಲೆ ಬಿದ್ದು ಹೋಗತ್ತೆ."

"ದುಡ್ಡು ನನ್ನ ಜೇಬಿಗೆ ಬಿತ್ತು. ಬೆಲೆ ಬೀಳ್ಲಿ ಬಿಡು," ಎಂದಳು ಲೋರಿಸ್. ಅಡುಗೆಮನೆಯ ಚಾಕು ತಂದು ಹಸಿರು ಚೀಟಿಯನ್ನು ಕಡಿದು ಮುಚ್ಚಳ ಎತ್ತಿದಳು.

ನೋಡುವುದಕ್ಕೆ ಸಿಗಾರುಗಳು ಚೆನ್ನಾಗಿಯೇ ಇದ್ದವು, ಒಂದರ ಪಕ್ಕ ಒಂದು, ಚಿನ್ನದ ಪಟ್ಟಿ ಕಟ್ಟಿಕೊಂಡು. ಸರ್ಕೀಸ್ ಒಂದನ್ನು ಎತ್ತಿಕೊಂಡು ತುದಿ ಕಚ್ಚಿ ಉಗಿದು, ಲೋರಿಸ್ ಹಿಡಿದ ಒಲೆ ಲೈಟರಿನ ಉರಿಗೆ ಒಡ್ಡಿ ಜೋರಾಗಿ ಎಳೆದ. ಮೊದಲು ಅವನ ಕಣ್ಣು ದೊಡ್ಡದಾಯಿತು. ಆಮೇಲೆ ಮುಖ ನೇರಳೆಯಾಯಿತು. ಹಜಾರದ ತುಂಬ ಹಳೇ ಗೋಣಿ ಸುಟ್ಟ ವಾಸನೆ ಎದ್ದಿತು. ಅವನು ಕೆಮ್ಮಿ, ಕಣ್ಣೊರೆಸಿಕೊಂಡು, ನೀರು ಕುಡಿದು, ಮತ್ತೆ ಕೆಮ್ಮಿ, ಕೊನೆಗೆ ಉಸಿರು ಬಂದಾಗ ಹೃದಯಪೂರ್ವಕವಾಗಿ ಹೇಳಿದ, "ತಾಯಿ, ಬೇಜಾರು ಮಾಡ್ಕೋಬೇಡಿ. ಈ ದರಿದ್ರಕ್ಕೆ ಸಾವಿರದ ಎಂಟುನೂರು ಡಾಲರ್ ಕೊಟ್ಟ ಮನುಷ್ಯನಿಗೆ ತಲೆ ಕೆಟ್ಟಿರ್ಬೇಕು."

"ಆ ಮನುಷ್ಯ ನೀನೇ ಅಲ್ವೇನಪ್ಪ?" ಎಂದಳು ಲೋರಿಸ್.

ಸರ್ಕೀಸ್ ವದೀಹನ ಕಡೆ ನೋಡಿದ. ಲೋರಿಸ್ ಸರ್ಕೀಸನನ್ನು ನೋಡಿ, ಆಮೇಲೆ ಅವನು ನೋಡುತ್ತಿದ್ದ ಕಡೆ ನೋಡಿದಳು. ವದೀಹ್ ಇಂಗು ತಿಂದ ಮಂಗನಂತೆ ನಿಂತಿದ್ದ.

"ಕಾರು ಅಡ್ಡ ನಿಲ್ಸಿದೀನಿ ತಾಯಿ, ಯಾರಾದ್ರೂ ಬಯ್ತಾರೆ," ಎಂದು ಸರ್ಕೀಸ್ ಎದ್ದು ಹೊರಟೇಹೋದ. ಪೆಟ್ಟಿಗೆ ಮೇಜಿನ ಮೇಲೇ ಉಳಿಯಿತು.

ವದೀಹ್ ಎಲ್ಲವನ್ನೂ ಹೇಳಿದ. ಹೇಳುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪೆಟ್ಟಿಗೆ ನಕಲಿ, ಕೊಟ್ಟ ವರ್ಷವೇ ಗೊತ್ತಾಗಿತ್ತು, ಹೇಳಲು ನಾಚಿಕೆಯಾಯಿತು, ಆಮೇಲೆ ಇನ್ನಷ್ಟು ನಾಚಿಕೆಯಾಯಿತು. ಅಣ್ಣ ಕೇಳಿದಾಗಲೆಲ್ಲ ಮಾಗಲಿ ಮಾಗಲಿ ಎಂದು ಸುಳ್ಳು ಹೇಳಿದೆ. ಆಸ್ಪತ್ರೆಯಲ್ಲೂ ಹೇಳಿದೆ. "ಒಂದೇ ಒಂದು ಸೇದ್ಬೇಕು ಅಂತ ಆಸೆಪಟ್ರು ಅತ್ತಿಗೆ. ಅದನ್ನೂ ತಪ್ಪಿಸಿದೆ ನಾನು. ಬೇರೆ ಅಸಲಿ ಪೆಟ್ಟಿಗೆ ತಂದು ಕೊಡಬಹುದಿತ್ತು. ನನ್ನ ಹತ್ರ ಹನ್ನೊಂದಿದ್ವು."

ಲೋರಿಸ್‌ಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಲೆಕ್ಕದಲ್ಲಿ ಹಿಂದುಳಿದ ಹುಡುಗನನ್ನು ನೋಡುವ ಟೀಚರ್ ಹಾಗೆ ಅವನನ್ನು ನೋಡಿದಳು.

"ಕತ್ತೆ," ಎಂದಳು. "ಅವರಿಗೆ ಹೊಗೆ ಆಗ್ತಾನೇ ಇರ್ಲಿಲ್ಲ ಕಣೋ. ಮದುವೆ ಮನೇಲಿ ಯಾರಾದ್ರೂ ಹುಕ್ಕಾ ಹಚ್ಚಿದ್ರೆ ಎದ್ದು ಹೊರಗೆ ಹೋಗ್ತಿದ್ರು. ನೀನು ಅಷ್ಟು ಹೊತ್ತು ಇದ್ರೆ ತಾನೇ ನೋಡೋದು? ಸಿಗಾರ್ ಯಾರಿಗೆ ಬೇಕಿತ್ತು?"

"ಮತ್ತೆ ಕೇಳ್ತಿದ್ರಲ್ಲ?"

"ನೀನೇ ಅಲ್ವಾ ಅವತ್ತು ಕೊಡ್ತಾ ಭಾಷಣ ಮಾಡಿದ್ದು? ಇದನ್ನ ಹಚ್ಚಿದ್ರೆ ಒಂದೂವರೆ ಗಂಟೆ, ಮಧ್ಯ ಎದ್ದೋರು ಮರ್ಯಾದಸ್ಥರಲ್ಲ, ಅಂತ. ಅದನ್ನ ಹಿಡ್ಕೊಂಬಿಟ್ರು ಅವರು. 'ವದೀಹ್ ಬರ್ತಾನೆ, ಕಾಫಿ ಅರ್ಧ ಕುಡೀತಾನೆ, ಹರಾಜು ಮುಗೀತಿದೆ ಅಂತ ಓಡ್ತಾನೆ. ಈ ಪೆಟ್ಟಿಗೆ ತೆಗ್ಸಿದ್ರೆ ಓಡೋಕಾಗಲ್ಲ ನೋಡು ಲೋರಿಸ್' ಅಂತಿದ್ರು. ಆಸ್ಪತ್ರೇಲಿ ಉಸಿರಾಡೋಕೇ ಆಗ್ತಿರ್ಲಿಲ್ಲ, ಅವರು ಸಿಗಾರ್ ಸೇದ್ತಿದ್ರಾ? ನೀನು ಸೇದ್ತೀಯ, ಅಷ್ಟು ಹೊತ್ತು ಕೂತಿರ್ತೀಯ ಅಂತ ಕೇಳಿದ್ದು."

ವದೀಹ್ ಏನೋ ಹೇಳುವುದಕ್ಕೆ ಬಾಯಿ ತೆರೆದ, ಅಳು ಬಂತು. ಅರವತ್ತೈದು ವರ್ಷದ ಗಂಡಸು ಹಜಾರದ ಮಧ್ಯೆ ನಿಂತು ಮೂಗು ಸೋರಿಸಿಕೊಂಡು ಅತ್ತ. ತನ್ನೂಸ್ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಅವತ್ತು ಬಂದವರನ್ನು ಕೂರಿಸುವ ಗಡಿಬಿಡಿಯಲ್ಲಿದ್ದ.

"ಅಳೋದಾದ್ರೆ ಕೂತ್ಕೊಂಡು ಅಳು," ಎಂದಳು ಲೋರಿಸ್. "ದುಡ್ಡು ವಾಪಸ್ ಕೊಡಲ್ಲ. ಬೆಂಚಿಗೆ ಕಲ್ಲು ಕಡೀತಿದಾರೆ."

ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಸ್ವಲ್ಪ ಹೊತ್ತಾದ ಮೇಲೆ ಪೆಟ್ಟಿಗೆಯಿಂದ ಒಂದನ್ನು ತೆಗೆದು ಹಚ್ಚಿಕೊಂಡ. ಬಾಯಿ ತುಂಬ ಸುಟ್ಟ ಗೋಣಿ. ಜೇಬಿನಲ್ಲಿ ಫೋನ್ ಎರಡು ಸಲ ಗುಂಯ್ ಎಂದಿತು, ಯಾವುದೋ ಹರಾಜು ಮುಗಿಯುತ್ತಿರಬೇಕು. ಲೋರಿಸ್ ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟು, ಅವನ ಎದುರಿಗೆ ನೆಲದ ಮೇಲೆ ಕೂತು, ಗಾಜಿನ ಲೋಟಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ಇಡತೊಡಗಿದಳು. ಮಧ್ಯೆ ಮಧ್ಯೆ ತನ್ನೂಸನ ಮಾತು ಬಂತು. ಮಗಳ ಮದುವೆಯಲ್ಲಿ ಅವನು ಕುಣಿದದ್ದು, ಪಾದ್ರಿಯ ಜೊತೆ ಜಗಳವಾಡಿದ್ದು, ವದೀಹ್ ಅಂಗಡಿ ತೆರೆದ ದಿನ ಕಣ್ಣು ಸರಿಯಿದ್ದೂ ಹೋಗಿ, ಗೋಡೆಯ ಅಕ್ಷರ ಬೇಕೆಂದೇ ತಪ್ಪು ಓದಿ ಮೊದಲ ಕನ್ನಡಕ ಕೊಂಡದ್ದು. ಈ ಕೊನೆಯದು ವದೀಹನಿಗೆ ಗೊತ್ತಿರಲಿಲ್ಲ.

ಒಳ್ಳೆಯ ಮಾಲಾಗಿದ್ದರೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತಿತ್ತು. ಇದು ನಕಲಿಯಾದ್ದರಿಂದ ನಾಲ್ಕು ಎಳೆತಕ್ಕೊಮ್ಮೆ ಆರಿಹೋಗುತ್ತಿತ್ತು. ಆರಿದಾಗಲೆಲ್ಲ ಲೋರಿಸ್ ಕೈ ಚಾಚಿ ಒಲೆ ಲೈಟರ್ ಕೊಡುತ್ತಿದ್ದಳು, ವದೀಹ್ ಮತ್ತೆ ಹಚ್ಚಿಕೊಳ್ಳುತ್ತಿದ್ದ. ಆರಕ್ಕೆ ಕರೆಂಟು ಹೋಯಿತು. ಅವನು ಏಳಲಿಲ್ಲ.